"ಹೋಗ್ಲಿ ಬಿಡಿ" ಅಂದರೆ ಕ್ಷಮಿಸಿದ ಹಾಗೆ ಆಗುತ್ತದಾ? ಮತ್ತಾಯ 18ನ್ನು ಪೂರ್ತಿ ಓದೋಣ

ಮಳೆಗಾಲದಲ್ಲಿ ಮನೆ ಪ್ರಾರ್ಥನೆಗೆ ಜನ ಕಡಿಮೆ. ಚಾಪೆ ಹಾಸಿದ್ದು ಇಪ್ಪತ್ತು ಜನಕ್ಕೆ, ಬಂದವರು ನಾಲ್ಕೇ ಜನ. ಕರೆಂಟೂ ಹೋಗಿರುತ್ತದೆ. ಆಗ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: "ಇರಲಿ, ಇಬ್ಬರು ಮೂವರು ನನ್ನ ಹೆಸರಿನಲ್ಲಿ ಎಲ್ಲಿ ಸೇರುತ್ತಾರೋ ಅಲ್ಲಿ ನಾನಿರುತ್ತೇನೆ ಅಂತ ಕರ್ತನೇ ಹೇಳಿದ್ದಾನಲ್ಲ, ಶುರು ಮಾಡೋಣ." ಎಲ್ಲರಿಗೂ ಸಮಾಧಾನ ಆಗುತ್ತದೆ. ಹಾಡು ಶುರುವಾಗುತ್ತದೆ.

ಈ ಮಾತು ಇರುವುದು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದ 20ನೇ ವಚನದಲ್ಲಿ. ಜನ ಕಡಿಮೆ ಬಂದಾಗ ಹೇಳುವ ವಚನ ಅಂತಲೇ ನಾನು ಚಿಕ್ಕಂದಿನಿಂದ ತಿಳಿದಿದ್ದೆ. ಎಷ್ಟೋ ವರ್ಷ ಆದಮೇಲೆ ಒಂದು ದಿನ ಆ ಅಧ್ಯಾಯವನ್ನು ಮೊದಲಿಂದ ಕೊನೆವರೆಗೆ ಒಂದೇ ಸಲಕ್ಕೆ ಕೂತು ಓದಿದೆ. ಓದಿ ಮುಗಿಸಿದಾಗ ಗೊತ್ತಾಯಿತು, ಆ ಅಧ್ಯಾಯಕ್ಕೂ ಪ್ರಾರ್ಥನಾ ಕೂಟದ ಹಾಜರಿಗೂ ಸಂಬಂಧ ಇಲ್ಲ. ಅದು ಮನಸ್ತಾಪದ ಅಧ್ಯಾಯ. ಒಂದೇ ಸಭೆಯ ಇಬ್ಬರಲ್ಲಿ ಒಬ್ಬ ಇನ್ನೊಬ್ಬನಿಗೆ ತಪ್ಪು ಮಾಡಿದಾಗ ಮುಂದೇನು ಅನ್ನುವುದನ್ನು ಅದು ಹೇಳುತ್ತದೆ.

ನಾಲ್ಕು ಜನ ಕೂತ ಕಡೆ ದೇವರು ಇರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಇರುತ್ತಾನೆ. ಒಬ್ಬರೇ ಕೂತರೂ ಇರುತ್ತಾನೆ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಾರ್ಥಿಸು ಅಂತ ಇದೇ ಸುವಾರ್ತೆಯ 6ನೇ ಅಧ್ಯಾಯ ಹೇಳುತ್ತದೆ. ಆದರೆ 20ನೇ ವಚನವನ್ನು ಅದರ ಜಾಗದಿಂದ ಕಿತ್ತು ತಂದರೆ, ಅದು ನಮಗೆ ಹೇಳಬೇಕಾಗಿದ್ದ ಕಷ್ಟದ ಮಾತು ಅಲ್ಲೇ ಉಳಿದುಬಿಡುತ್ತದೆ.

ಸತ್ಯವೇದದ ಮಾತನ್ನು ದಿನದ ಬದುಕಿಗೆ ಹೇಗೆ ತರುವುದು ಅಂತ ಯುವಜನರ ಕೂಟದಲ್ಲಿ ತುಂಬಾ ಜನ ಕೇಳುತ್ತಾರೆ. ನನಗೆ ಗೊತ್ತಿರುವ ದಾರಿ ಒಂದೇ. ವಚನ ಓದಿದ ಮೇಲೆ ಅದರ ಹಿಂದೆ ಏನಿದೆ, ಮುಂದೆ ಏನಿದೆ ಅಂತ ಓದಿ. ಮತ್ತಾಯ ಬರೆದಾಗ ಅದರಲ್ಲಿ ಅಧ್ಯಾಯಗಳೂ ಇರಲಿಲ್ಲ, ವಚನಗಳ ನಂಬರೂ ಇರಲಿಲ್ಲ. ನಾವು ಈಗ ಬಳಸುವ ಅಧ್ಯಾಯಗಳು ಬಂದದ್ದು 13ನೇ ಶತಮಾನದಲ್ಲಿ, ಇಂಗ್ಲೆಂಡಿನ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್ ಕಾಲಕ್ಕೆ. ಹೊಸ ಒಡಂಬಡಿಕೆಯ ವಚನಗಳಿಗೆ ಈಗಿನ ನಂಬರು ಕೊಟ್ಟದ್ದು ರಾಬರ್ಟ್ ಎಸ್ತಿಯೆನ್ ಅನ್ನುವ ಮುದ್ರಕ, 1551ರಲ್ಲಿ. ಅಂದರೆ ಸಾವಿರದ ಐನೂರು ವರ್ಷ ಹತ್ತಿರ ಹತ್ತಿರ ಯಾರೂ "18:20" ಅಂತ ಹೇಳಿರಲಿಲ್ಲ. ಹುಡುಕಲು ಅನುಕೂಲ ಆಗಲಿ ಅಂತ ಹಾಕಿದ ನಂಬರು ಅದು. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ತಟ್ಟೆಯಿಂದ ಎತ್ತಿಕೊಳ್ಳುವ, ಒಂದು ವಚನ ಅಚ್ಚಾಗಿರುವ ವಾಗ್ದಾನ ಕಾರ್ಡು ನನಗೂ ಇಷ್ಟ. ನನ್ನ ಪರ್ಸಿನಲ್ಲೂ ಒಂದು ಇದೆ. ಆದರೆ ಕಾರ್ಡಿನಲ್ಲಿ ಒಂದು ಸಾಲಿಗಷ್ಟೇ ಜಾಗ ಇರುತ್ತದೆ.

ಈಗ ಅಧ್ಯಾಯ ತೆಗೆಯೋಣ. ಶಿಷ್ಯರು ಬಂದು ಕೇಳುತ್ತಾರೆ, ಪರಲೋಕರಾಜ್ಯದಲ್ಲಿ ಯಾರು ದೊಡ್ಡವರು? ಯೇಸು ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸುತ್ತಾನೆ. ಇಷ್ಟು ನಮಗೆಲ್ಲ ಗೊತ್ತು, ಸಂಡೇ ಸ್ಕೂಲಿನ ಗೋಡೆ ಮೇಲೆ ಚಿತ್ರವೇ ಇದೆ. ಆ ಚಿತ್ರದಲ್ಲಿ ಬರದ ಮಾತು ಮುಂದಿದೆ. ನನ್ನನ್ನು ನಂಬುವ ಈ ಚಿಕ್ಕವರಲ್ಲಿ ಒಬ್ಬರಿಗೆ ಯಾರಾದರೂ ಅಡ್ಡಿಯಾದರೆ, ಅಂಥವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಆಳವಾದ ಸಮುದ್ರದಲ್ಲಿ ಮುಳುಗಿಸುವುದೇ ಅವನಿಗೆ ಒಳ್ಳೆಯದು ಅನ್ನುತ್ತಾನೆ. ಬೀಸುವ ಕಲ್ಲು ಅಂದ ತಕ್ಷಣ ನಮ್ಮ ಅಜ್ಜಿ ರಾಗಿ ಬೀಸುತ್ತಿದ್ದ ಕಲ್ಲು ಕಣ್ಣ ಮುಂದೆ ಬರುತ್ತದೆ. ಈ ಸುವಾರ್ತೆಯ ಮೂಲ ಗ್ರೀಕಿನಲ್ಲಿ ಇರುವ ಪದ ಅದಕ್ಕಿಂತ ದೊಡ್ಡದು, ಕತ್ತೆ ಕಟ್ಟಿ ತಿರುಗಿಸುವ ಕಲ್ಲು. ಮನುಷ್ಯನ ಕೈಯಲ್ಲಿ ತಿರುಗದ ಕಲ್ಲು. ಅದಾದ ಮೇಲೆ ನೂರು ಕುರಿಗಳ ಕಥೆ ಬರುತ್ತದೆ, ತೊಂಬತ್ತೊಂಬತ್ತನ್ನು ಬಿಟ್ಟು ತಪ್ಪಿಹೋದ ಒಂದನ್ನು ಹುಡುಕುವುದು.

ಕ್ಷಮೆಯ ಮಾತು ಇನ್ನೂ ಬಂದೇ ಇಲ್ಲ, ಗಮನಿಸಿ. ಮೊದಲು ಬಂದದ್ದು ಚಿಕ್ಕವರನ್ನು ಕಾಪಾಡುವ ಮಾತು. ಈ ಕ್ರಮವನ್ನು ಸ್ವಲ್ಪ ಮನಸ್ಸಲ್ಲಿ ಇಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

15ನೇ ವಚನದಿಂದ ವಿಷಯಕ್ಕೆ ಬರುತ್ತಾನೆ. ನಿನ್ನ ಸಹೋದರ ತಪ್ಪು ಮಾಡಿದರೆ, ನೀನು ಹೋಗು, ಅವನೂ ನೀನೂ ಇಬ್ಬರೇ ಇರುವಾಗ ಅವನ ತಪ್ಪನ್ನು ಅವನಿಗೆ ಹೇಳು. ಕೇಳಿದರೆ ಸಹೋದರನನ್ನು ಸಂಪಾದಿಸಿಕೊಂಡೆ. ಕೇಳದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗು. ಅವರ ಮಾತೂ ಕೇಳದಿದ್ದರೆ ಸಭೆಗೆ ಹೇಳು.

ನಾವು ಮಾಡುವುದು ಇದರ ತದ್ವಿರುದ್ಧ, ಅಲ್ವಾ? ನಾನಂತೂ ಹಾಗೇ ಮಾಡಿದ್ದೆ. ನಮ್ಮ ಸಭೆಯ ಸ್ನೇಹಿತನೊಬ್ಬನಿಗೆ ಮಗಳ ಕಾಲೇಜು ಫೀಸಿಗೆ ಅಂತ 50,000 ರೂಪಾಯಿ ಕೈಸಾಲ ಕೊಟ್ಟಿದ್ದೆ. ಪತ್ರ ಇಲ್ಲ, ಬಡ್ಡಿ ಇಲ್ಲ, ಮೂರು ತಿಂಗಳು ಅಂದಿದ್ದ. ಒಂದು ವರ್ಷ ಆಯಿತು. ಫೋನ್ ಎತ್ತುವುದು ನಿಲ್ಲಿಸಿದ. ಆರಾಧನೆ ಮುಗಿದ ತಕ್ಷಣ ಪಕ್ಕದ ಬಾಗಿಲಿಂದ ಹೊರಟುಹೋಗುತ್ತಿದ್ದ. ನಾನು ಹೆಂಡತಿಗೆ ಹೇಳಿದೆ, ಅಣ್ಣನಿಗೆ ಹೇಳಿದೆ, ಕ್ವಾಯರಿನ ಇಬ್ಬರಿಗೆ ಹೇಳಿದೆ, "ಪ್ರಾರ್ಥನೆಯಲ್ಲಿ ನೆನಪಿಟ್ಟುಕೊಳ್ಳಿ" ಅಂತ ಸೇರಿಸಿ ಅಯ್ಯನವರಿಗೂ ಹೇಳಿದೆ. ಅವನಿಗೆ ಒಬ್ಬನಿಗೆ ಮಾತ್ರ ಹೇಳಲಿಲ್ಲ. ಎದುರಿಗೆ ಸಿಕ್ಕಾಗ "ಚೆನ್ನಾಗಿದ್ದೀರಾ" ಅಂದೆ. ಅದನ್ನೇ ಕ್ಷಮೆ, ತಾಳ್ಮೆ ಅಂತ ತಿಳಿದಿದ್ದೆ. ಮತ್ತಾಯ 18 ಓದಿದ ದಿನ ಗೊತ್ತಾಯಿತು, ಮೂರನೇ ಮೆಟ್ಟಿಲಿಂದ ಶುರು ಮಾಡಿ ಮೊದಲನೇ ಮೆಟ್ಟಿಲನ್ನು ತುಳಿದೇ ಇಲ್ಲ ನಾನು.

ಮರುವಾರ ಅವನನ್ನು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಕರೆದೆ. ಇಬ್ಬರೇ. ಟೀ ಬಂದಮೇಲೂ ಐದು ನಿಮಿಷ ಮಾತೇ ಬರಲಿಲ್ಲ. ಆಮೇಲೆ ಹೇಳಿದೆ: "ನೀನು 50,000 ತಗೊಂಡಿದ್ದೆ. ಮೂರು ತಿಂಗಳು ಅಂದಿದ್ದೆ. ಕೊಡದೆ ಇದ್ದದ್ದಕ್ಕಿಂತ ನನ್ನ ನೋಡಿ ತಪ್ಪಿಸಿಕೊಂಡು ಹೋಗ್ತಿದ್ದೀಯಲ್ಲ, ಅದು ಜಾಸ್ತಿ ನೋವಾಗಿದೆ. ಇನ್ನೊಂದು ಮಾತು, ನಾನು ಇದನ್ನು ನಾಲ್ಕು ಜನರ ಹತ್ತಿರ ಆಡಿದ್ದೀನಿ, ಅದು ನನ್ನ ತಪ್ಪು." ಅವನು ಲೋಟವನ್ನೇ ನೋಡುತ್ತಾ ಕೂತಿದ್ದ. ಟೀ ಆರಿ ಮೇಲೆ ಕೆನೆ ಕಟ್ಟಿತ್ತು. ಕೊನೆಗೆ, ಕೆಲಸ ಹೋಗಿ ಎಂಟು ತಿಂಗಳಾಯಿತು ಅಂದ. ನನಗೆ ಗೊತ್ತೇ ಇರಲಿಲ್ಲ. ಇಡೀ ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇಬ್ಬರೇ ಇರುವಾಗ ಹೇಳು ಅನ್ನುವ ಮಾತಿನ ಕಾರಣ ನನಗೆ ಅರ್ಥವಾದದ್ದು ಆ ಹೋಟೆಲಿನಲ್ಲಿ. ನಾಲ್ಕು ಜನರ ಮುಂದೆ ಕೇಳಿದ್ದರೆ ಅವನು ಮರ್ಯಾದೆ ಉಳಿಸಿಕೊಳ್ಳಲು ಸುಳ್ಳು ಹೇಳಬೇಕಾಗುತ್ತಿತ್ತು.

ಎರಡನೇ ಮೆಟ್ಟಿಲಿನ ಇಬ್ಬರು ಮೂವರು ಎಲ್ಲಿಂದ ಬಂದರು? ಧರ್ಮೋಪದೇಶಕಾಂಡ 19:15ರಿಂದ. ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ಯಾರನ್ನೂ ತಪ್ಪಿತಸ್ಥ ಅನ್ನಬಾರದು, ಇಬ್ಬರೋ ಮೂವರೋ ಸಾಕ್ಷಿ ಬೇಕು ಅಂತ ಮೋಶೆಯ ನಿಯಮ. ಯೇಸು ಅದನ್ನೇ ಎತ್ತಿ ಹೇಳುತ್ತಾನೆ. ಅದಾಗಿ ನಾಲ್ಕು ವಚನ ಕಳೆದಮೇಲೆ "ಇಬ್ಬರು ಮೂವರು ಎಲ್ಲಿ ಸೇರುತ್ತಾರೋ" ಬರುತ್ತದೆ. ಅದೇ ಇಬ್ಬರು ಮೂವರು. ಹಾಗಾದರೆ ಆ ವಾಗ್ದಾನ ಯಾವ ಕೋಣೆಗೆ ಕೊಟ್ಟದ್ದು? ಆಸ್ತಿ ಪಾಲಿನಲ್ಲಿ ಮಾತು ಬಿಟ್ಟ ಅಣ್ಣ ತಮ್ಮ, ನಡುವೆ ಇಬ್ಬರು ಹಿರಿಯರು, ಮೇಜಿನ ಮೇಲೆ ಪಹಣಿ. ಅಂಥ ಕೋಣೆಗೆ. ಅಲ್ಲಿ ಕೂರುವುದಕ್ಕೆ ಹೆದರಿಕೆ ಆಗುತ್ತದೆ, ಅದಕ್ಕೇ ಅಲ್ಲಿ ನಾನಿರುತ್ತೇನೆ ಅಂದದ್ದು ಅಂತ ನಾನು ಓದಿಕೊಳ್ಳುತ್ತೇನೆ.

ಸಭೆಯ ಮಾತನ್ನೂ ಕೇಳದಿದ್ದರೆ? ಅವನು ನಿನಗೆ ಅನ್ಯಜನರ ಹಾಗೆ, ಸುಂಕದವರ ಹಾಗೆ ಇರಲಿ. ಆ ಕಾಲದ ಯೆಹೂದ್ಯರು ದೂರ ಇಡುತ್ತಿದ್ದ ಜನ ಇವರು. ಇದನ್ನು ಓದಿ ಬಹಿಷ್ಕಾರ ಹಾಕಿ ಕೈತೊಳೆದುಕೊಳ್ಳುವವರಿದ್ದಾರೆ. ಆದರೆ ಇದು ಇರುವುದು ಮತ್ತಾಯನ ಹೆಸರಿನ ಸುವಾರ್ತೆಯಲ್ಲಿ. ಅದೇ ಸುವಾರ್ತೆಯ 9ನೇ ಅಧ್ಯಾಯದ ಪ್ರಕಾರ ಮತ್ತಾಯನೇ ಸುಂಕದ ಕಟ್ಟೆಯಲ್ಲಿ ಕೂತಿದ್ದವನು, ಯೇಸು ಸುಂಕದವರ ಜೊತೆ ಕೂತು ಊಟ ಮಾಡಿದವನು. ಹಾಗಾಗಿ ಇದರ ಅರ್ಥ ದ್ವೇಷ ಇರಲಾರದು. ಅವನನ್ನು ಒಳಗಿನವನ ಹಾಗೆ ನಂಬಿ ಜವಾಬ್ದಾರಿ ಕೊಡಬೇಡ, ಆದರೆ ಊಟಕ್ಕೆ ಕರೆಯುವ ಬಾಗಿಲು ಮುಚ್ಚಬೇಡ ಅಂತ ನನ್ನ ತಿಳಿವಳಿಕೆ.

ಈಗ ಶಿಷ್ಯರಲ್ಲಿ ಒಬ್ಬನಾದ ಪೇತ್ರ. ಇಷ್ಟೆಲ್ಲ ಕೇಳಿದ ಮೇಲೆ, ಸರಿಯಾಗಿ 21ನೇ ವಚನದಲ್ಲಿ, ಅವನಿಗೆ ಲೆಕ್ಕ ಬೇಕು. ಎಷ್ಟು ಸಾರಿ ಕ್ಷಮಿಸಬೇಕು, ಏಳು ಸಾರಿಯಾ? ಏಳು ಅಂದದ್ದು ಅವನ ಮಟ್ಟಿಗೆ ದೊಡ್ಡ ಮನಸ್ಸೇ. ಯೇಸು ಹೇಳಿದ ಸಂಖ್ಯೆಯನ್ನು ಎಪ್ಪತ್ತೇಳು ಅಂತಲೂ ಓದಬಹುದು, ಎಪ್ಪತ್ತು ಸಲ ಏಳು ಅಂತಲೂ ಓದಬಹುದು, ಗ್ರೀಕ್ ಮಾತು ಎರಡಕ್ಕೂ ಒಗ್ಗುತ್ತದೆ. 490 ಅಂತ ಗುಣಿಸುವುದು ಮುಖ್ಯ ಅಲ್ಲ. ಅದೇ ಮಾತು ಆದಿಕಾಂಡ 4:24ರ ಗ್ರೀಕ್ ಅನುವಾದದಲ್ಲಿ ಇದೆ. ಅಲ್ಲಿ ತಮ್ಮನನ್ನು ಕೊಂದ ಕಾಯಿನನ ವಂಶದ ಲೆಮೆಕ ತನ್ನ ಇಬ್ಬರು ಹೆಂಡತಿಯರ ಮುಂದೆ ಕೊಚ್ಚಿಕೊಳ್ಳುತ್ತಾನೆ: ನನಗೆ ಗಾಯ ಮಾಡಿದವನನ್ನು ಕೊಂದೆ, ಕಾಯಿನನಿಗೆ ಏಳರಷ್ಟು ಸೇಡಾದರೆ ನನಗೆ ಎಪ್ಪತ್ತೇಳರಷ್ಟು. ಸೇಡಿಗೆ ಲೆಮೆಕ ಹಾಕಿದ ಲೆಕ್ಕವನ್ನು ಯೇಸು ಕ್ಷಮೆಗೆ ತಿರುಗಿಸಿ ಹಾಕುತ್ತಾನೆ. ಹಳ್ಳಿಗಳಲ್ಲಿ ಮೂರು ತಲೆಮಾರು ನಡೆಯುವ ಹಗೆತನ ನೋಡಿದವರಿಗೆ ಲೆಮೆಕನನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ.

ಇದರ ಬೆನ್ನಿಗೇ ಸಾಲದ ಕಥೆ ಬರುತ್ತದೆ. ಒಬ್ಬ ಸೇವಕ ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕು. ಅರಸ ಕರುಣೆ ಪಟ್ಟು ಬಿಟ್ಟುಬಿಡುತ್ತಾನೆ. ಅವನು ಹೊರಗೆ ಬಂದು ತನಗೆ ನೂರು ದೆನಾರಿ ಕೊಡಬೇಕಾದ ಜೊತೆಗಾರನ ಕತ್ತು ಹಿಡಿಯುತ್ತಾನೆ. ಈ ಲೆಕ್ಕವನ್ನು ಒಮ್ಮೆ ನಮ್ಮ ರೂಪಾಯಿಯಲ್ಲಿ ಹಾಕಿ ನೋಡಿ. ಒಂದು ದೆನಾರಿ ಅಂದರೆ ಒಬ್ಬ ಕೂಲಿಯ ಒಂದು ದಿನದ ಸಂಬಳ, ಮತ್ತಾಯ 20ರ ದ್ರಾಕ್ಷಿ ತೋಟದ ಕಥೆಯಲ್ಲಿ ಅಷ್ಟೇ ಕೊಡುತ್ತಾರೆ. ಒಂದು ತಲಾಂತು ಅಂದರೆ ಸುಮಾರು 6,000 ದೆನಾರಿ. ದಿನದ ಕೂಲಿ 500 ರೂಪಾಯಿ ಅಂತ ಇಟ್ಟುಕೊಂಡರೆ ಸೇವಕನ ಸಾಲ 3,000 ಕೋಟಿ ರೂಪಾಯಿ. ವರ್ಷಕ್ಕೆ 300 ದಿನ ದುಡಿದರೂ ಎರಡು ಲಕ್ಷ ವರ್ಷ ಬೇಕು. "ಸ್ವಲ್ಪ ತಾಳಿಕೋ, ಎಲ್ಲಾ ತೀರಿಸುತ್ತೇನೆ" ಅಂತ ಅವನು ಕಾಲಿಗೆ ಬೀಳುತ್ತಾನಲ್ಲ, ಅದು ಆಗದ ಮಾತು. ಇನ್ನೊಂದು ಅಳತೆ ಬೇಕಾದರೆ, ಯೇಸುವಿನ ಊರಿರುವ ಗಲಿಲಾಯ, ಜೊತೆಗೆ ಪೆರಿಯ, ಈ ಎರಡೂ ಸೀಮೆಗಳಿಂದ ಅವನ್ನು ಆಳುತ್ತಿದ್ದ ಹೆರೋದ ಅಂತಿಪನಿಗೆ ಬರುತ್ತಿದ್ದ ವರ್ಷದ ಆದಾಯ 200 ತಲಾಂತು ಅಂತ ಆ ಕಾಲದ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಒಬ್ಬ ಸೇವಕನ ಸಾಲ ಅಂಥ ಐವತ್ತು ವರ್ಷದ ಆದಾಯ.

ನೂರು ದೆನಾರಿ? ಅದೇ ಲೆಕ್ಕದಲ್ಲಿ 50,000 ರೂಪಾಯಿ. ನನ್ನ ಕೈಸಾಲದಷ್ಟೇ.

ಇಲ್ಲಿ ನಾನು ತುಂಬಾ ಹೊತ್ತು ನಿಂತೆ. ಯೇಸು ಸಣ್ಣ ಸಾಲಕ್ಕೆ ಎರಡು ಪೈಸೆ ಅನ್ನಬಹುದಿತ್ತು. ಅನ್ನಲಿಲ್ಲ. ನೂರು ದಿನದ ಬೆವರು ಅಂದ. ನಿನಗೆ ಆದ ನಷ್ಟ ನಿಜವಾದ ನಷ್ಟ ಅಂತ ಒಪ್ಪಿಕೊಂಡೇ ಮುಂದೆ ಹೋಗುತ್ತಾನೆ. ನಿನಗೆ ಬಿಟ್ಟಿರುವುದರ ಪಕ್ಕದಲ್ಲಿ ಇಟ್ಟು ನೋಡು, ಆರು ಲಕ್ಷದಲ್ಲಿ ಒಂದು ಪಾಲು, ಅಂತ ಅಷ್ಟೇ ಹೇಳುತ್ತಾನೆ.

ಇದಕ್ಕೆ ಕನ್ನಡದಲ್ಲಿ ಎಲ್ಲರಿಗೂ ಗೊತ್ತಿರುವ ಮಾತೇ ಇದೆ: ಸಾಲ ಮನ್ನಾ. ಕರ್ತನ ಪ್ರಾರ್ಥನೆಯಲ್ಲಿ ನಾವು "ನಮ್ಮ ತಪ್ಪುಗಳನ್ನು ಕ್ಷಮಿಸು" ಅನ್ನುವ ಕಡೆ, ಮತ್ತಾಯ 6:12ರ ಗ್ರೀಕಿನಲ್ಲಿ ಇರುವ ಪದದ ಅರ್ಥ ಸಾಲ. ನಮಗೆ ಸಾಲ ಕೊಡಬೇಕಾದವರನ್ನು ನಾವು ಬಿಟ್ಟ ಹಾಗೆ ನಮ್ಮ ಸಾಲ ಬಿಟ್ಟುಬಿಡು. ಬ್ಯಾಂಕಿನಲ್ಲಿ ಸಾಲ ಮನ್ನಾ ಆಗುವುದು ಹೇಗೆ ಅಂತ ರೈತರಿಗೆ ಗೊತ್ತು. ಮೊದಲು ಎಷ್ಟು ಬಾಕಿ ಅಂತ ಪುಸ್ತಕದಲ್ಲಿ ಇರಬೇಕು. ಅಸಲು ಎಷ್ಟು, ಬಡ್ಡಿ ಎಷ್ಟು. ಬಾಕಿಯೇ ಇಲ್ಲ ಅಂದರೆ ಮನ್ನಾ ಮಾಡಲು ಏನೂ ಇಲ್ಲ. ಮತ್ತೆ, ಮನ್ನಾ ಆದ ದುಡ್ಡು ಗಾಳಿಯಲ್ಲಿ ಮಾಯ ಆಗುವುದಿಲ್ಲ, ಯಾರೋ ಒಬ್ಬರು ಅದನ್ನು ತಮ್ಮ ತಲೆ ಮೇಲೆ ಹೊರುತ್ತಾರೆ. ಶಿಲುಬೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆಯೇ.

"ಹೋಗ್ಲಿ ಬಿಡಿ, ಏನೂ ಆಗಿಲ್ಲ" ಅನ್ನುವುದು ಬೇರೆ. ಅದು ಬಾಕಿಯೇ ಇಲ್ಲ ಅಂತ ನಟಿಸುವುದು. ಆ ಬಾಕಿ ಒಳಗೇ ಬಡ್ಡಿ ಬೆಳೆಸುತ್ತಾ ಕೂತು, ಮದುವೆ ಮನೆಯಲ್ಲೋ ಸಾವಿನ ಮನೆಯಲ್ಲೋ ಒಂದು ದಿನ ಒಡೆದು ಹೊರಗೆ ಬರುತ್ತದೆ.

ಇನ್ನು ಮೊದಲು ನೆನಪಿಟ್ಟುಕೊಳ್ಳಿ ಅಂದಿದ್ದ ಕ್ರಮಕ್ಕೆ ಬರುತ್ತೇನೆ. ಇದು ನನಗೆ ತುಂಬಾ ಮುಖ್ಯ. ಗಂಡ ಹೊಡೆಯುತ್ತಾನೆ ಅಂತ ಅಳುತ್ತಾ ಬಂದ ಹೆಂಗಸಿಗೆ "ಎಪ್ಪತ್ತು ಸಲ ಏಳು ಅಂತ ಬರೆದಿದೆಯಲ್ಲಮ್ಮ, ಕ್ಷಮಿಸಿ ಮನೆಗೆ ಹೋಗು" ಅಂತ ಹೇಳುವವರಿದ್ದಾರೆ. ಕಿವಿಯಾರೆ ಕೇಳಿದ್ದೇನೆ. ಇದು ವಚನವನ್ನು ತಪ್ಪಾಗಿ ಬಳಸುವುದು. ಅದೇ ಅಧ್ಯಾಯದಲ್ಲಿ ಕ್ಷಮೆಗೆ ಮುಂಚೆ ಬೀಸುವ ಕಲ್ಲು ಇದೆ. ಕ್ಷಮೆಗೆ ಮುಂಚೆ "ಅವನ ತಪ್ಪನ್ನು ಹೇಳು" ಇದೆ. ಅಷ್ಟೇ ಅಲ್ಲ, ಸಾಲದ ಕಥೆಯೊಳಗೇ 31ನೇ ವಚನ ನೋಡಿ. ಜೊತೆಗಾರನನ್ನು ಜೈಲಿಗೆ ಹಾಕಿಸಿದ್ದನ್ನು ಕಂಡ ಉಳಿದ ಸೇವಕರು ಬಹಳ ನೊಂದುಕೊಂಡು ಹೋಗಿ ಅರಸನಿಗೆ ನಡೆದದ್ದನ್ನೆಲ್ಲ ತಿಳಿಸುತ್ತಾರೆ. ದೂರು ಕೊಡುತ್ತಾರೆ! ಯೇಸು ಅವರನ್ನು ಚಾಡಿಕೋರರು ಅನ್ನಲಿಲ್ಲ. ಅವರ ಮಾತನ್ನು ಅರಸ ಕೇಳಿಸಿಕೊಂಡ.

ಆದ್ದರಿಂದ ಹೊಡೆತ ತಿನ್ನುತ್ತಿರುವವರಿಗೆ ಒಬ್ಬಳೇ ಹೋಗಿ ಅವನ ಹತ್ತಿರ ಮಾತಾಡು ಅಂತಲೂ ಹೇಳಬೇಡಿ, ಆ ಮೆಟ್ಟಿಲು ಜೀವಕ್ಕೆ ಅಪಾಯ ಇಲ್ಲದ ಕಡೆಗೆ. ಮೊದಲು ಸುರಕ್ಷಿತ ಜಾಗ. ಮಹಿಳಾ ಸಹಾಯವಾಣಿ 181 ಇದೆ. ಕೌಟುಂಬಿಕ ಹಿಂಸೆಯ ವಿರುದ್ಧ 2005ರ ಕಾಯ್ದೆ ಇದೆ, ಮ್ಯಾಜಿಸ್ಟ್ರೇಟರಿಂದ ರಕ್ಷಣಾ ಆದೇಶ ಪಡೆಯಬಹುದು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ ಸಭೆಯೊಳಗೇ ಮುಗಿಸೋಣ ಅನ್ನುವ ಮಾತೇ ಬೇಡ. 2012ರ ಪೋಕ್ಸೋ ಕಾಯ್ದೆ ಪ್ರಕಾರ ವಿಷಯ ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದೆ ಇರುವುದೂ ಅಪರಾಧ. ಮಕ್ಕಳ ಸಹಾಯವಾಣಿ 1098.

ಕ್ಷಮಿಸಿದ ಮೇಲೆ ಮೊದಲಿನ ಹಾಗೇ ನಂಬಬೇಕಾ ಅಂತ ಕೇಳುತ್ತಾರೆ. ಇದಕ್ಕೆ ಯೋಸೇಫನ ಕಥೆಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಇಪ್ಪತ್ತು ಬೆಳ್ಳಿಗೆ ಮಾರಿದ ಅಣ್ಣಂದಿರು ಬರಗಾಲದಲ್ಲಿ ಧಾನ್ಯಕ್ಕೆ ಬಂದು, ಐಗುಪ್ತದಲ್ಲಿ ಅಧಿಕಾರಿಯಾಗಿದ್ದ ಅವನ ಮುಂದೆ ಗುರುತು ಸಿಗದೆ ನಿಂತಾಗ, ಆದಿಕಾಂಡ 42ರಲ್ಲಿ, ಅವನು ಆಚೆ ಹೋಗಿ ಅಳುತ್ತಾನೆ. ಮನಸ್ಸು ಆಗಲೇ ಕರಗಿದೆ. ಆದರೆ ನಾನೇ ಯೋಸೇಫ ಅಂತ ಹೇಳುವುದು 45ನೇ ಅಧ್ಯಾಯದಲ್ಲಿ. ನಡುವೆ ಅವರನ್ನು ಪರೀಕ್ಷೆ ಮಾಡುತ್ತಾನೆ. ಕೊನೆಯ ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿ ಪಾತ್ರೆ ಇಡಿಸುತ್ತಾನೆ. ಈ ಸಲವೂ ಚಿಕ್ಕವನನ್ನು ಬಿಟ್ಟು ಹೋಗುತ್ತಾರಾ ನೋಡಲು. ಆಗ ಅಣ್ಣಂದಿರಲ್ಲಿ ಒಬ್ಬನಾದ ಯೆಹೂದ ಮುಂದೆ ಬಂದು, ಅವನ ಬದಲು ನಾನು ಗುಲಾಮನಾಗುತ್ತೇನೆ ಅನ್ನುತ್ತಾನೆ. ಯೋಸೇಫನನ್ನು ಮಾರೋಣ ಅಂದಿದ್ದವನೂ ಇದೇ ಯೆಹೂದ. ಅದನ್ನು ಕೇಳಿದ ಮೇಲೆ ಯೋಸೇಫನಿಗೆ ತಡೆದುಕೊಳ್ಳಲು ಆಗಲಿಲ್ಲ. ಕ್ಷಮೆ ಒಬ್ಬನೇ ಕೊಡಬಹುದು. ನಂಬಿಕೆ ಬೆಳೆಯಲು ಎದುರಿನವನೂ ಬದಲಾಗಬೇಕು.

ನನ್ನ ಸ್ನೇಹಿತ ಆ ವರ್ಷ ತಿಂಗಳಿಗೆ ಎರಡು ಸಾವಿರದಂತೆ 20,000 ಕೊಟ್ಟ. ಆಮೇಲೆ ನಿಂತಿತು. ಉಳಿದ 30,000ವನ್ನು ನಾನು ಮನ್ನಾ ಮಾಡಿದೆ, ಅವನ ಎದುರಿಗೇ, ಮೊತ್ತ ಹೇಳಿ. ಸುಲಭ ಆಗಿರಲಿಲ್ಲ, ಆ ವರ್ಷ ನಮ್ಮ ಮನೆಯಲ್ಲೂ ಖರ್ಚಿತ್ತು. ಎಷ್ಟೋ ಸಲ ಆರಾಧನೆಯಲ್ಲಿ ಅವನ ಬೆನ್ನು ನೋಡಿದಾಗ ಮತ್ತೆ ಸಿಟ್ಟು ಬರುತ್ತಿತ್ತು, ಮತ್ತೆ ಬಿಡಬೇಕಾಗುತ್ತಿತ್ತು. ಪೇತ್ರನಿಗೆ ಹೇಳಿದ ಅಷ್ಟು ದೊಡ್ಡ ಸಂಖ್ಯೆ ಒಂದೇ ತಪ್ಪಿಗೂ ಬೇಕಾಗುತ್ತದೆ ಅಂತ ಆಗ ಗೊತ್ತಾಯಿತು.

ಹೋದ ತಿಂಗಳು ಅವನು ಮತ್ತೆ ಫೋನ್ ಮಾಡಿದ. ಎರಡನೇ ಮಗಳಿಗೆ 10,000 ಬೇಕಿತ್ತು. ಕೈಗೆ ಕೊಡುವುದಿಲ್ಲ ಅಂದೆ. ಕಾಲೇಜಿನ ಚಲನ್ ಕಳಿಸಿದರೆ ನೇರವಾಗಿ ಕಟ್ಟುತ್ತೇನೆ, ವಾಪಸ್ ಬೇಡ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿರಲಿಲ್ಲ. ಸಂಜೆ ಚಲನ್‌ನ ಫೋಟೋ ಬಂತು.